ಹೂಂ ದೊಡ್ಡವ್ವ

ಶಿವಲಿಂಗಮ್ಮನ ಬಾಯಿಗೆ ಬೀಗ ಹಾಕಿಸಬೇಕೆಂದು ಬಡಾವಣೆಯ ಸಂಘದವರು ಒಂದು ಭಾನುವಾರ ಸಭೆ ಸೇರಿ ತೀರ್ಮಾನಿಸಿದರು. ಓದಿದವರಲ್ಲವೇ, ಹೀಗೆ ಬಾಯಿಬಿಟ್ಟು ಹೇಳಲಿಲ್ಲ. ಬಡಾವಣೆಗೆ ಬರುವ ಅತಿಥಿಗಳನ್ನು ಹಿರಿಯರು ಅನಗತ್ಯವಾಗಿ ಪ್ರಶ್ನಿಸಿ ಮುಜುಗರಕ್ಕೆ ಈಡುಮಾಡಬಾರದು ಎಂದು ಬರೆದು ಎಲ್ಲರ ಮೊಬೈಲಿಗೂ ಕಳಿಸಿದರು. ಅಲ್ಲಿ ಮೊಬೈಲಿಲ್ಲದ ಹಿರಿಯಳು ಅವಳೊಬ್ಬಳೇ. ಹಾಗಾಗಿ ಅಧ್ಯಕ್ಷ ರಾಮಲಿಂಗಯ್ಯನವರೇ ಖುದ್ದಾಗಿ ಬಂದು ಅವಳ ಜಗಲಿಯ ಮುಂದೆ ನಿಂತು ಓದಿ ಹೇಳಿದರು. ಅವಳು ಅವರೆಕಾಯಿ ಸುಲಿಯುತ್ತಾ ಪೂರ್ತಿ ಕೇಳಿಸಿಕೊಂಡು, ಅತಿಥಿ ಅಂದರೆ ಯಾರು ಎಂದಳು. ಬಂದವರೆಲ್ಲ ಅತಿಥಿಗಳೇ ಎಂದರು ರಾಮಲಿಂಗಯ್ಯ. ಹಾಗಾದರೆ ಗೇಟು ಯಾತಕ್ಕೆ ಹಾಕಿಸಿದಿರಿ ಎಂದು ಅವಳು ಕೇಳಿದಳು. ಅವರು ಬಿಸಿಲು ಜಾಸ್ತಿಯಾಯಿತು ಎಂದು ಹೇಳಿ ಮನೆಗೆ ಹೋದರು.

ಅವಳ ಮನೆ ಬಡಾವಣೆಯ ಬಾಯಲ್ಲೇ ಇತ್ತು. ಚನ್ನಪಟ್ಟಣದಿಂದ ಕೆಂಗಲ್ ಕಡೆಗೆ ಹೊರಟು, ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ತಿರುಗಿದರೆ ಮೊದಲು ಸಿಗುವುದು ಅವಳ ಹೆಂಚಿನ ಮನೆ. ಮುಂದೆ ಒಂದು ಹೊಂಗೆಮರ, ಮರದ ನೆರಳಿಗೆ ಕಲ್ಲುಚಪ್ಪಡಿಯ ಜಗಲಿ. ಅದು ದಾಟಿದರೆ ಸಂಘದವರ ಗೇಟು, ಗೇಟು ದಾಟಿದರೆ ಬಣ್ಣಬಣ್ಣದ ತಾರಸಿ ಮನೆಗಳು. ಗೇಟಿನ ಕಮಾನಿನ ಮೇಲೆ ಇಂಗ್ಲಿಷಿನಲ್ಲಿ ಹಸಿರು ತೋಟ ಎಂಬರ್ಥದ ಏನೋ ಹೆಸರು ಬರೆಸಿದ್ದರು. ಹಸಿರಾಗಿದ್ದದ್ದು ಆ ಅಕ್ಷರದ ಬಣ್ಣ ಮಾತ್ರ. ಶಿವಲಿಂಗಮ್ಮನ ಪಾಲಿಗೆ ಅದು ಇವತ್ತಿಗೂ ಹೊಂಗೆಮರದ ಹೊಲವೇ. ಗಂಡ ಬೋರಲಿಂಗಯ್ಯನೂ ಅವನ ಅಣ್ಣತಮ್ಮಂದಿರೂ ಹೊಲವನ್ನು ಸೈಟು ಮಾಡುವವರಿಗೆ ಕೊಟ್ಟಾಗ, ಮನೆಯನ್ನೂ ಮರವನ್ನೂ ಮಾತ್ರ ಕೊಡಕೂಡದೆಂದು ಹಟ ಹಿಡಿದವಳು ಅವಳು. ಒಳಗಿನ ಮನೆಗಳಿಗೆ ನಂಬರು ಬಿದ್ದು ಎಷ್ಟೋ ಕಾಲವಾದರೂ ಅವಳು ನಂಬರು ಹೇಳುತ್ತಿರಲಿಲ್ಲ. ರಾಮಲಿಂಗಯ್ಯನವರದು ಹುಲ್ಲಿನ ಬಣವೆ ಹಾಕುತ್ತಿದ್ದ ಜಾಗದ ಮನೆ. ಹೈಸ್ಕೂಲು ಮೇಡಂ ನಾಗಲಕ್ಷ್ಮಮ್ಮನವರದು ರೇಷ್ಮೆಹುಳ ಸಾಕುತ್ತಿದ್ದ ಜಾಗದ ಮನೆ.

ಅವಳು ಮಾಗಡಿ ಸೀಮೆಯ ಹೆಣ್ಣು, ಕೆಂಪಾಪುರದ ಮಗ್ಗುಲ ಹಳ್ಳಿಯವಳು. ಅವಳು ಬೆಳೆದ ಊರಿನಲ್ಲಿ ಯಾರಾದರೂ ಒಳಕ್ಕೆ ಕಾಲಿಟ್ಟರೆ ಮೊದಲ ಮನೆಯವರು ಮಾತಾಡಿಸಬೇಕು. ಯಾವೂರು, ಯಾರ ಮನೆಗೆ, ಅವರಿಗೆ ನೀನು ಏನಾಗಬೇಕು? ಹಾಗೆ ಕೇಳದಿದ್ದರೆ ಬಂದವರೇ ಬೇಜಾರು ಮಾಡಿಕೊಳ್ಳುತ್ತಿದ್ದರು, ಈ ಊರಲ್ಲಿ ಮಾತಾಡಿಸುವವರಿಗೂ ಗತಿಯಿಲ್ಲವಲ್ಲ ಎಂದು. ಮದುವೆಯಾಗಿ ಬಂದ ಹೊಸದರಲ್ಲೇ ಈ ಅಭ್ಯಾಸ ಒಮ್ಮೆ ಕೆಲಸಕ್ಕೆ ಬಂದಿತ್ತು. ರೇಷ್ಮೆಗೂಡು ಬಿಡಿಸುವ ಕಾಲ. ಯಾರೋ ಇಬ್ಬರು ಗೂಡು ತುಂಬಿದ ಚಂದ್ರಿಕೆ ಎಂಬ ಬಿದಿರಿನ ತಟ್ಟೆಗಳನ್ನು ತಲೆಯ ಮೇಲೆ ಹೊತ್ತು ಬದುವಿನ ಮೇಲೆ ಹೊರಟಿದ್ದರು. ನೋಡಿದರೆ ಕೂಲಿಯವರೇ. ಯಾವೂರೆಂದು ಕೇಳಿದಳು, ಹೇಳಿದರು. ಅಣ್ಣತಮ್ಮಂದಿರಾ ಎಂದಳು, ಹೌದೆಂದರು. ನಿಮ್ಮವ್ವನ ತವರು ಯಾವುದು ಎಂದು ಕೇಳಿದಾಗ ಒಬ್ಬ ಒಂದೂರು ಹೇಳಿದ, ಇನ್ನೊಬ್ಬ ಇನ್ನೊಂದೂರು ಹೇಳಿದ. ಬೋರಲಿಂಗಯ್ಯ ಕುಡುಗೋಲು ಹಿಡಿದು ಓಡಿ ಬರುವಷ್ಟರಲ್ಲಿ ಚಂದ್ರಿಕೆ ಬಿಸಾಕಿ ಇಬ್ಬರೂ ಕಾಲಿಗೆ ಬುದ್ಧಿ ಹೇಳಿದ್ದರು. ಬೋರಲಿಂಗಯ್ಯ ಈ ಕಥೆಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿ ಹೇಳಿ, ಹೆಂಡತಿಗೆ ತನ್ನ ಬಾಯಿಯ ಮೇಲೆ ಒಂದಿಷ್ಟು ಧಿಮಾಕೇ ಬಂದುಬಿಟ್ಟಿತ್ತು.

ಬಡಾವಣೆಯವರಿಗೆ ಕಳ್ಳರ ಭಯ ಹುಟ್ಟಿದ್ದು ಹೆದ್ದಾರಿಯಲ್ಲಿ ಸರಗಳ್ಳತನ ಶುರುವಾದ ಮೇಲೆ. ಬೈಕಿನಲ್ಲಿ ಬಂದ ಇಬ್ಬರು ಹಾಲಿನ ಡೇರಿಗೆ ಹೋಗುತ್ತಿದ್ದ ಹೆಂಗಸಿನ ಕತ್ತಿಗೆ ಕೈಹಾಕಿ ಎಳೆದ ರಭಸಕ್ಕೆ ಆಕೆ ರಸ್ತೆಗೆ ಬಿದ್ದು ಭುಜ ಮುರಿದುಕೊಂಡಳು. ಕೂಡಲೇ ಸಂಘದವರು ಸುರಕ್ಷತಾ ಸಭೆ ಕರೆದರು. ಪಾರ್ಕಿನಲ್ಲಿ ಶಾಮಿಯಾನ ಹಾಕಿಸಿ, ಮೈಕು ಕಟ್ಟಿಸಿ, ರಾಮಲಿಂಗಯ್ಯನವರು ನಿಯಮಗಳನ್ನು ಓದಿದರು. ಹೆಂಗಸರು ಸರ ಹಾಕಿಕೊಂಡು ಹೊರಗೆ ಬರಬಾರದು. ಬಂದರೆ ಸೆರಗಿಗೆ ಪಿನ್ನು ಹಾಕಿಕೊಂಡು ಕತ್ತು ಮುಚ್ಚಿಕೊಳ್ಳಬೇಕು. ಒಬ್ಬರೇ ಓಡಾಡಬಾರದು. ಬಾಗಿಲಿಗೆ ಬಂದವರಿಗೆ ನೀರು ಕೊಡಬಾರದು. ಶಿವಲಿಂಗಮ್ಮ ಹಿಂದಿನ ಸಾಲಿನಲ್ಲಿ ಕೂತು ಗಂಡಸರಿಗೆ ಏನು ನಿಯಮ ಬರುತ್ತದೋ ಎಂದು ಕಾದೇ ಕಾದಳು. ಒಂದೂ ಬರಲಿಲ್ಲ. ಎಳೆದವರು ಬೈಕಿನ ಗಂಡಸರು, ಮುಚ್ಚಿಕೊಳ್ಳಬೇಕಾದವರು ಡೇರಿಗೆ ಹೋಗುವ ಹೆಂಗಸರು. ಅವಳಿಗೆ ಮೈಯೆಲ್ಲ ಉರಿಯಿತು.

ಕೊನೆಯ ನಿಯಮವನ್ನಂತೂ ಕೇಳಿ ಅವಳು ಹಣೆ ಚಚ್ಚಿಕೊಂಡಳು. ಒಡವೆಯನ್ನು ಬೀರುವಿನಲ್ಲಿ ಇಡಬೇಡಿ, ಕಳ್ಳರು ಮೊದಲು ನೋಡುವುದೇ ಬೀರು, ಅಡುಗೆಮನೆಯಲ್ಲಿ ಯಾರೂ ಮುಟ್ಟದ ಹಳೆಯ ಪಾತ್ರೆಯೊಳಗೆ ಇಡಿ ಎಂದು ರಾಮಲಿಂಗಯ್ಯನವರು ಒತ್ತಿ ಒತ್ತಿ ಎರಡು ಸಲ ಹೇಳಿದರು. ಮರಕ್ಕೆ ಕಟ್ಟಿದ್ದ ಹಾರ್ನಿನಲ್ಲಿ ಆ ಮಾತು ಹೆದ್ದಾರಿಯ ಟೀ ಅಂಗಡಿಯವರೆಗೆ ಕೇಳಿಸಿತು. ಟೀ ಅಂಗಡಿಯಲ್ಲಿ ಯಾರು ಯಾರು ಕೂತಿದ್ದರೋ ದೇವರೇ ಬಲ್ಲ.

ಅದಾದ ಮೇಲೆ ಕ್ಯಾಮೆರಾ ಬಂತು. ಅದನ್ನು ಗೇಟಿನ ಕಂಬಕ್ಕೆ ಕಟ್ಟಿ, ಮುಖವನ್ನು ಅವಳ ಜಗಲಿಯ ಕಡೆಗೇ ತಿರುಗಿಸಿಟ್ಟರು. ಬರುವವರೆಲ್ಲ ಆ ದಾರಿಯಲ್ಲೇ ಬರಬೇಕಾದ್ದರಿಂದ ಹಾಗೆ ಇಟ್ಟೆವೆಂದರು. ತನ್ನನ್ನು ಕಾಯಲಿಕ್ಕೇ ಇಟ್ಟಿದ್ದಾರೆಂದು ಅವಳು ಗಂಡನ ಹತ್ತಿರ ಗೊಣಗಿದಳು. ಬೋರಲಿಂಗಯ್ಯ ನಕ್ಕು, ನಿನ್ನ ಬಾಯಿ ಕಾಯಕ್ಕೆ ಒಂದು ಸಾಲದು ಎಂದ. ಗೇಟಿಗೆ ಕಾವಲಿನವನನ್ನು ಇಡುವ ಮಾತು ಮಾತ್ರ ಇನ್ನೂ ಸಭೆಯಲ್ಲೇ ಇತ್ತು. ಆದ್ದರಿಂದ ಅವಳು ಎಂದಿನಂತೆ ಜಗಲಿಯ ಮೇಲೆ ಕೂತು ಹೋಗಿಬರುವವರನ್ನು ಕೇಳುತ್ತಲೇ ಇದ್ದಳು. ಸಂಘದ ನೋಟೀಸು ಬಂದದ್ದು ಅದರಿಂದಲೇ. ರಾಮಲಿಂಗಯ್ಯನವರ ಬೀಗರನ್ನು ನಿಲ್ಲಿಸಿ, ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಎಂದು ಕೇಳಿಬಿಟ್ಟಿದ್ದಳು.

ಅವಳ ಪ್ರಶ್ನೆಗೆ ಮುಖ ಸಿಂಡರಿಸದೆ ಉತ್ತರ ಕೊಟ್ಟವರು ಕಡಿಮೆ. ಕುಕ್ಕರ್ ರಿಪೇರಿಯ ಮುನಾವರ್ ಅವರಲ್ಲೊಬ್ಬ. ಟಿವಿಎಸ್ ಗಾಡಿಯ ಹಿಂದೆ ಕಬ್ಬಿಣದ ಪೆಟ್ಟಿಗೆ, ಮುಂದೆ ಪುಟ್ಟ ಸ್ಪೀಕರು. ಅದರಲ್ಲಿ ಅವನದೇ ದನಿ, ಕುಕ್ಕರ್ ರಿಪೇರಿ, ಮಿಕ್ಸಿ ರಿಪೇರಿ, ಗ್ಯಾಸ್ ಸ್ಟೌ ರಿಪೇರಿ ಎಂದು ಕೂಗುತ್ತಿತ್ತು. ಮೊದಲ ಸಲ ಬಂದಾಗ ಅವಳು ಗಾಡಿ ನಿಲ್ಲಿಸಿ ಎಲ್ಲವನ್ನೂ ಕೇಳಿದ್ದಳು. ಅವನು ಸ್ಪೀಕರು ಆರಿಸಿ, ಗಾಡಿಯಿಂದ ಇಳಿದು ನಿಂತು ಹೇಳಿದ್ದ. ಅಪ್ಪ ಹುಸೇನ್ ಚನ್ನಪಟ್ಟಣದಲ್ಲಿ ಮರದ ಬೊಂಬೆ ಕಡೆಯುತ್ತಿದ್ದವನು, ಹೆಂಡತಿ ಹಾಜಿರಾ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಾಳೆ, ಮಗಳು ಮುನ್ನೀ ಏಳನೇ ಕ್ಲಾಸು. ಅವತ್ತಿನಿಂದ ಬಡಾವಣೆಗೆ ಬಂದಾಗಲೆಲ್ಲ ಅವನು ಜಗಲಿಯ ಮೇಲೆ ಕೂತು ಬುತ್ತಿ ಉಣ್ಣುತ್ತಿದ್ದ. ಅವಳು ಮಜ್ಜಿಗೆ ಕೊಡುತ್ತಿದ್ದಳು. ಅವ್ವ ಎಂದು ಕರೆಯುತ್ತಿದ್ದ.

ಇನ್ನೊಬ್ಬರು ನಾಗಲಕ್ಷ್ಮಮ್ಮ ಮೇಡಂ. ಅವರ ಗಂಡನಿಗೆ ಹಾಸನದಲ್ಲಿ ನೌಕರಿ, ಶನಿವಾರ ಶನಿವಾರ ಬರುವುದು. ಅವರಿಗಾಗಿ ಮೇಡಂ ಇನ್ನೊಂದು ಬೀಗದ ಕೈಯನ್ನು ಯಾವಾಗಲೂ ತುಳಸಿಕಟ್ಟೆಯ ಸಂದಿಯಲ್ಲೇ ಇಟ್ಟಿರುತ್ತಿದ್ದರು. ಅದು ಸಂಘದವರಿಗೆ ಗೊತ್ತಿರಲಿಲ್ಲ, ಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲ. ಶಿವಲಿಂಗಮ್ಮನಿಗೆ ಮಾತ್ರ ಹೇಳಿದ್ದರು. ಏನಾದರೂ ಹೆಚ್ಚುಕಮ್ಮಿಯಾದರೆ ನೀವಿದ್ದೀರಲ್ಲ ಎಂದಿದ್ದರು.

ಗುರುತಿಲ್ಲದ ಒಬ್ಬ ಹುಡುಗ ಬಂದದ್ದು ಒಂದು ಮಂಗಳವಾರ, ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ಆಂಜನೇಯನ ಕೆಂಪು ಸಿಂಧೂರ, ಕೈಯಲ್ಲಿ ಬಾಳೆಹಣ್ಣಿನ ಕವರು. ಗೇಟಿನ ಕಡೆ ಒಮ್ಮೆ ನೋಡಿ, ಒಳಗೆ ಹೋಗದೆ ನೆಟ್ಟಗೆ ಜಗಲಿಯ ಹತ್ತಿರ ಬಂದ.

"ದೊಡ್ಡವ್ವ, ಒಸಿ ನೀರು ಕೊಡ್ತೀರಾ?"

ದೊಡ್ಡವ್ವ ಎನ್ನಿಸಿಕೊಂಡು ಅವಳಿಗೆ ಎಷ್ಟು ಕಾಲವಾಗಿತ್ತೋ. ಬಡಾವಣೆಯ ಹುಡುಗರು ಅವಳನ್ನು ಆಂಟಿ ಎನ್ನುತ್ತಿದ್ದರು, ಇಲ್ಲವೇ ಏನೂ ಎನ್ನದೆ ಹಾದುಹೋಗುತ್ತಿದ್ದರು. ಅವಳು ಚೊಂಬಿನ ತುಂಬ ನೀರು ತಂದುಕೊಟ್ಟಳು. ಅವನು ಚೊಂಬನ್ನು ಎತ್ತಿ ಹಿಡಿದು, ತುಟಿಗೆ ತಾಗಿಸದೆ ಕುಡಿದ. ಅದೂ ಅವಳಿಗೆ ಹಿಡಿಸಿತು.

"ಮಾಗಡಿ ಕಡೆಯೋನಂಗೆ ಮಾತಾಡ್ತೀಯಲ್ಲಪ್ಪ?"

"ಹೂಂ ದೊಡ್ಡವ್ವ."

"ಕೆಂಗಲ್ಲಿಗೆ ಹೋಗಿ ಆಂಜನೇಯಂಗೆ ಕೈ ಮುಗ್ದು ಬಂದಂಗೈತೆ?"

"ಹೂಂ ದೊಡ್ಡವ್ವ."

ಅವನು ಒಳಗಿನ ಮೊದಲ ಬೀದಿಯ ಕಡೆ ಕಣ್ಣು ಹಾಯಿಸಿದ. ಆ ಬೀದಿಯಲ್ಲಿ ಮಾಗಡಿ ಕಡೆಯ ನಂಟಿದ್ದವರು ಮೇಡಂ ಒಬ್ಬರೇ. ಶಿವಲಿಂಗಮ್ಮನಿಗೆ ಎಲ್ಲವೂ ಹೊಂದಿಕೊಂಡಂತೆ ಕಂಡಿತು.

"ಮೇಡಮ್ನೋರ ಮನೆಗಾ? ನಾಗಲಕ್ಷ್ಮಮ್ಮನೋರ ಅಕ್ಕನ ಮಗನಾ ನೀನು? ಮೂಗು ನೋಡುದ್ರೇ ಗೊತ್ತಾಯ್ತದೆ."

ಅವನು ತಲೆ ತಗ್ಗಿಸಿ ನಕ್ಕ. "ಹೂಂ ದೊಡ್ಡವ್ವ."

"ಅವ್ರು ಇಸ್ಕೂಲಿಂದ ಬರೋದು ಸಂಜೆಗೆ ಕಣಪ್ಪ. ಬಿಸ್ಲಲ್ಲಿ ಯಾಕೆ ಕಾಯ್ತೀಯ? ಬೀಗದ ಕೈ ತುಳಸಿಕಟ್ಟೆ ಸಂದೀಲಿ ಐತೆ. ಒಳಗೋಗಿ ಫ್ಯಾನ್ ಹಾಕ್ಕಂಡು ಕೂತ್ಕ ಹೋಗು. ಅಗೋ ಅಲ್ಲಿ, ಹಳದಿ ಮನೆ."

ಎದ್ದು ನಿಂತು, ತೋಳನ್ನು ಪೂರ್ತಿ ಚಾಚಿ ತೋರಿಸಿದಳು. ಅವನು ಕೈಮುಗಿದು ಹೋದ. ಈ ಕಾಲದಲ್ಲೂ ಇಂಥ ಹುಡುಗರು ಇದ್ದಾರಲ್ಲ ಎಂದು ಅವಳು ಮಧ್ಯಾಹ್ನ ಊಟಕ್ಕೆ ಕೂತಾಗ ಬೋರಲಿಂಗಯ್ಯನಿಗೆ ಹೇಳಿದಳು.

ಇಳಿಹೊತ್ತಿಗೆ ಮುನಾವರ್ ಬಂದ. ಎಂದಿನಂತೆ ಮಜ್ಜಿಗೆ ಕುಡಿದು, ಸ್ಪೀಕರು ಹಾಕಿಕೊಂಡು ಗೇಟಿನೊಳಕ್ಕೆ ಹೋದ. ಅವನು ಕೊನೆಯ ಬೀದಿಯಲ್ಲಿ ಯಾರದೋ ಕುಕ್ಕರಿಗೆ ಹಿಡಿ ಕೂರಿಸುತ್ತಿದ್ದಾಗ ಮೇಡಂ ಸ್ಕೂಲಿನಿಂದ ಬಂದು ಬಾಗಿಲು ತೆಗೆದರು. ಅವರು ಕಿರುಚಿದ್ದು ಜಗಲಿಯವರೆಗೆ ಕೇಳಿಸಿತು.

ಶಿವಲಿಂಗಮ್ಮ ಸೆರಗು ಸುತ್ತಿಕೊಂಡು ಓಡಿದಳು. ಅವಳು ಹೋಗುವಷ್ಟರಲ್ಲಿ ಅರ್ಧ ಬಡಾವಣೆ ಹಳದಿ ಮನೆಯ ಮುಂದೆ ಸೇರಿತ್ತು. ಬೀರುವನ್ನು ಯಾರೂ ಮುಟ್ಟಿರಲಿಲ್ಲ. ಅಡುಗೆಮನೆಯ ಪಾತ್ರೆಗಳೆಲ್ಲ ನೆಲದ ಮೇಲಿದ್ದವು. ಅಟ್ಟದ ಮೇಲಿದ್ದ ಹಿಡಿ ಮುರಿದ ಹಳೆಯ ಕುಕ್ಕರಿನಲ್ಲಿ ಮೇಡಂ ಕಾಸಿನ ಸರವನ್ನೂ ಬಳೆಗಳನ್ನೂ ತಾಯಿಯ ಓಲೆಗಳನ್ನೂ ಇಟ್ಟಿದ್ದರು, ಸಂಘದವರು ಹೇಳಿಕೊಟ್ಟ ಹಾಗೆ. ಕುಕ್ಕರು ಬಾಯಿ ತೆರೆದುಕೊಂಡು ಸಿಂಕಿನಲ್ಲಿ ಬಿದ್ದಿತ್ತು.

ಬಾಗಿಲು ಒಡೆದಿಲ್ಲ, ಬೀಗ ಒಡೆದಿಲ್ಲ, ಇದು ಮನೆ ಬಲ್ಲವನದೇ ಕೆಲಸ ಎಂದು ರಾಮಲಿಂಗಯ್ಯನವರು ತೀರ್ಪು ಕೊಟ್ಟರು. ಆಗ ಮೇಡಂ ಅಳುತ್ತಲೇ ಹಿಂದಿನ ತಿಂಗಳ ಮಾತು ತೆಗೆದರು. ಮುನಾವರ್ ಅಡುಗೆಮನೆಯಲ್ಲಿ ಸ್ಟೌ ರಿಪೇರಿ ಮಾಡುತ್ತಿದ್ದಾಗ ಅಟ್ಟದ ಕಡೆ ನೋಡಿ, ಆ ಕುಕ್ಕರಿಗೂ ಹಿಡಿ ಹಾಕಿಕೊಡಲಾ ಎಂದು ಕೇಳಿದ್ದ. ಬೇಡವೆಂದು ಇವರು ಗಾಬರಿಯಿಂದ ಹೇಳಿದ್ದರು. ಆಮೇಲೂ ಅವನು ಅದನ್ನೇ ನೋಡುತ್ತಿದ್ದನಂತೆ. ಅಷ್ಟು ಸಾಕಾಯಿತು. ಕುಕ್ಕರ್ ರಿಪೇರಿಯವನು ಕುಕ್ಕರಿನ ಕಡೆ ನೋಡದೆ ಇನ್ನೇನು ಪಂಚಾಂಗ ನೋಡಬೇಕಿತ್ತೇ ಎಂದು ಕೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ. ನಾಲ್ಕೈದು ಗಂಡಸರು ಕೊನೆಯ ಬೀದಿಯ ಕಡೆ ಓಡಿದರು.

ಶಿವಲಿಂಗಮ್ಮ ಮೇಡಂ ಹತ್ತಿರ ಹೋಗಿ, ಮಧ್ಯಾಹ್ನ ಬಂದನಲ್ಲ, ನಿಮ್ಮ ಅಕ್ಕನ ಮಗ, ಅವನೆಲ್ಲಿ ಎಂದು ಕೇಳಿದಳು.

"ಯಾವ ಅಕ್ಕ? ನನಗೆ ಅಕ್ಕನೇ ಇಲ್ಲ. ನಮ್ಮನೇಲಿ ನಾನೇ ದೊಡ್ಡೋಳು," ಎಂದು ಹೇಳಿ ಮೇಡಂ ಮತ್ತೆ ಅಳತೊಡಗಿದರು. ಯಾಕೆ ಕೇಳಿದಿರಿ ಎಂದು ತಿರುಗಿ ಕೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಶಿವಲಿಂಗಮ್ಮ ತುಳಸಿಕಟ್ಟೆಯನ್ನು ಹಿಡಿದು ಅಲ್ಲೇ ಕೂತಳು. ಕಟ್ಟೆಯ ಸಂದಿ ಅವಳ ಮೊಣಕೈಯ ಪಕ್ಕದಲ್ಲೇ ಇತ್ತು. ಅವನು ಆಡಿದ ಮಾತುಗಳನ್ನು ಒಂದೊಂದಾಗಿ ನೆನಪಿಸಿಕೊಂಡಳು. ನೀರು ಕೇಳಿದ್ದನ್ನು ಬಿಟ್ಟರೆ ಅವನು ಆಡಿದ ಮಾತೇ ಇರಲಿಲ್ಲ. ಮಾಗಡಿ ಎಂದವಳು ಅವಳು. ಕೆಂಗಲ್ ಎಂದವಳು ಅವಳು. ಅಕ್ಕನ ಮಗ ಎಂದವಳು, ಮೂಗಿನಲ್ಲಿ ಹೋಲಿಕೆ ಕಂಡವಳು, ಬೀಗದ ಕೈ ಎಲ್ಲಿದೆಯೆಂದು ಹೇಳಿ ಫ್ಯಾನು ಹಾಕಿಕೋ ಎಂದವಳೂ ಅವಳೇ. ಹಿಂದೆ ಚಂದ್ರಿಕೆ ಕಳ್ಳರಿಗೆ ಪ್ರಶ್ನೆ ಹಾಕಿ ಅವರ ಬಾಯಿಂದಲೇ ಉತ್ತರ ಬರಲೆಂದು ಕಾದಿದ್ದಳು. ಈ ಸಲ ಪ್ರಶ್ನೆಯೊಳಗೇ ಉತ್ತರವನ್ನೂ ಇಟ್ಟು ಬಡಿಸಿದ್ದಳು, ಒಂದು ದೊಡ್ಡವ್ವ ಎಂಬ ಮಾತಿಗೆ ಕರಗಿ.

ಆಗಲೇ ಎದ್ದು ಹೇಳಬೇಕಿತ್ತು. ಹೇಳಬೇಕೆಂದು ಬಾಯಿಯನ್ನೂ ತೆರೆದಳು. ಆದರೆ ಬಡಾವಣೆಯವರೆಲ್ಲ ಎದುರಿಗೆ ನಿಂತಿದ್ದರು, ನೋಟೀಸು ಓದಿ ಹೋದ ರಾಮಲಿಂಗಯ್ಯನವರು ಅಲ್ಲೇ ಇದ್ದರು, ಅವಳನ್ನು ನಂಬಿ ಬೀಗದ ಕೈಯ ಜಾಗ ಹೇಳಿದ್ದ ಮೇಡಂ ಅಲ್ಲೇ ಅಳುತ್ತಿದ್ದರು. ಇಷ್ಟು ವರ್ಷ ಊರಿನ ಬಾಗಿಲು ಕಾದವಳೇ ಕಳ್ಳನಿಗೆ ಬಾಗಿಲು ತೆಗೆದುಕೊಟ್ಟಳು ಎನ್ನುತ್ತಾರೆ. ಅವಳು ಬಾಯಿ ಮುಚ್ಚಿಕೊಂಡಳು.

ಅಷ್ಟರಲ್ಲಿ ಮುನಾವರನನ್ನು ಎಳೆದುಕೊಂಡು ಬಂದರು. ಅವನ ಕೈಯಲ್ಲಿ ಇನ್ನೂ ಸ್ಕ್ರೂಡ್ರೈವರ್ ಇತ್ತು. ಅದನ್ನು ಕಿತ್ತುಕೊಂಡು, ನೋಡಿ ಆಯುಧ ಎಂದ ಒಬ್ಬ. ಪೆಟ್ಟಿಗೆಯನ್ನು ರಸ್ತೆಗೆ ಸುರಿದರು. ವಾಷರುಗಳು, ಗ್ಯಾಸ್ಕೆಟ್ಟುಗಳು, ಸೀಟಿಗಳು ಉರುಳಿದವು, ಚಿನ್ನ ಸಿಗಲಿಲ್ಲ. ಎಲ್ಲಿ ಸಾಗಿಸಿದೆ ಹೇಳೆಂದು ರಾಮಲಿಂಗಯ್ಯನವರು ಗದರಿದರು. ಏನನ್ನು ಸಾಗಿಸಿದ್ದು ಎಂದು ಅವನಿಗೆ ಇನ್ನೂ ಗೊತ್ತಾಗಿರಲಿಲ್ಲ. ಅವನು ಸುತ್ತ ನೋಡಿದ, ತುಳಸಿಕಟ್ಟೆಯ ಹತ್ತಿರ ಕೂತಿದ್ದ ಅವಳು ಕಣ್ಣಿಗೆ ಬಿದ್ದಳು.

"ಅವ್ವ, ನೀವಾದ್ರೂ ಹೇಳಿ. ನಾನು ಈಗ ತಾನೆ ಬಂದೆ."

ಹಿಂದೆ ನಿಂತಿದ್ದವನೊಬ್ಬ ಅವನ ಕೆನ್ನೆಗೆ ಬಾರಿಸಿದ. ಟೋಪಿ ಹಾರಿ ಚರಂಡಿಯ ಅಂಚಿಗೆ ಬಿತ್ತು. ಅವನು ಬಗ್ಗಿ ಅದನ್ನು ಎತ್ತಿಕೊಳ್ಳಲು ಹೋದಾಗ ಇನ್ನೊಂದು ಬಿತ್ತು. ಶಿವಲಿಂಗಮ್ಮನಿಗೆ ಆ ಎರಡನೆಯ ಏಟಿನ ಸದ್ದು ಕೇಳಿದ ಮೇಲೆ ಮೈಮೇಲಿನ ಪರಿವೆಯೇ ಉಳಿಯಲಿಲ್ಲ. ಎದ್ದು, ಗುಂಪಿನ ನಡುವೆ ನುಗ್ಗಿ, ಇನ್ನೊಂದು ಸಲ ಕೈಯೆತ್ತಿದರೆ ಆ ಕೈ ಇರುವುದಿಲ್ಲ ಎಂದು ಅರಚಿದಳು. ಹೊಡೆದವನು ಹಿಂದೆ ಸರಿದ. ಆದರೆ ಆಗಲೂ ಅವಳು ಹೇಳಬೇಕಾದ್ದನ್ನು ಹೇಳಿರಲಿಲ್ಲ.

ಠಾಣೆಯಿಂದ ಮುಖ್ಯಪೇದೆ ಚಿಕ್ಕಹನುಮಯ್ಯ ಬಂದರು. ವಯಸ್ಸಾದ ಮನುಷ್ಯ, ಯಾರ ಮಾತಿಗೂ ಆತುರಪಡುತ್ತಿರಲಿಲ್ಲ. ಮೊದಲು ಕ್ಯಾಮೆರಾ ತೋರಿಸಿ ಎಂದರು. ಎಲ್ಲರೂ ರಾಮಲಿಂಗಯ್ಯನವರ ಮನೆಯ ಹಾಲಿಗೆ ಹೋದರು. ಶಿವಲಿಂಗಮ್ಮನನ್ನು ಯಾರೂ ಕರೆಯಲಿಲ್ಲ. ಅವಳೇ ಚಪ್ಪಲಿ ಬಿಟ್ಟು ಒಳಗೆ ಹೋಗಿ ಗೋಡೆಗೆ ಒರಗಿ ನಿಂತಳು. ಮುನಾವರನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು.

ದೊಡ್ಡ ಟೀವಿಯಲ್ಲಿ ಅವಳ ಜಗಲಿ ಕಾಣಿಸಿತು. ದೃಶ್ಯವನ್ನು ಬೇಗಬೇಗ ಓಡಿಸಿದರು. ಇಸ್ತ್ರಿ ಅಂಗಿಯವನು ಬಂದು, ನೀರು ಕುಡಿದು, ಗೇಟಿನೊಳಗೆ ಹೋದದ್ದು, ಆಮೇಲೆ ಜಗಲಿ ಖಾಲಿಯಿದ್ದಾಗ ಹೊರಗೆ ಹೋದದ್ದು ಕ್ಷಣದಲ್ಲಿ ಓಡಿಹೋಯಿತು. ಯಾರೋ ನೆಂಟರು ಎಂದರು ರಾಮಲಿಂಗಯ್ಯ. ಟಿವಿಎಸ್ ಗಾಡಿ ಬಂದ ಕೂಡಲೇ ನಿಲ್ಲಿಸಿದರು. ನೋಡಿ, ಪೆಟ್ಟಿಗೆ ತಂದಿದ್ದಾನೆ, ಸಾಗಿಸಕ್ಕೇ ತಂದಿರೋದು ಎಂದು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಹಾಲಿನಲ್ಲಿದ್ದವರೆಲ್ಲ ಹೌದು ಹೌದು ಎಂದರು.

"ಒಸಿ ಹಿಂದಕ್ಕೆ ಹಾಕಿ," ಎಂದಳು ಶಿವಲಿಂಗಮ್ಮ.

ರಾಮಲಿಂಗಯ್ಯನವರು ಕೇಳಿಸದವರಂತೆ ಇದ್ದರು. ಚಿಕ್ಕಹನುಮಯ್ಯ ಅವಳ ಮುಖ ನೋಡಿ, ಹಾಕಿ ಸ್ವಾಮಿ ಎಂದರು. ಇಸ್ತ್ರಿ ಅಂಗಿಯವನು ಮತ್ತೆ ಬಂದ. ಈ ಸಲ ನಿಧಾನವಾಗಿ ಓಡಿಸಿದರು. ಅವನು ಚೊಂಬೆತ್ತಿ ನೀರು ಕುಡಿದ. ಜಗಲಿಯ ಮೇಲಿದ್ದ ಹೆಂಗಸು ಕೈ ಆಡಿಸಿ ಮಾತಾ‌ಡುತ್ತಲೇ ಇದ್ದಳು, ಅವನು ತಲೆಯಾಡಿಸುತ್ತಲೇ ಇದ್ದ. ಆಮೇಲೆ ಅವಳು ಎದ್ದು ನಿಂತಳು. ತೋಳು ಪೂರ್ತಿ ಚಾಚಿದಳು. ಬೆರಳು ನೆಟ್ಟಗೆ ಮೇಡಂ ಮನೆಯ ಕಡೆಗಿತ್ತು. ಅಲ್ಲಿಗೆ ನಿಲ್ಲಿಸಿ ಎಂದಳು. ಪರದೆಯ ನಡುವೆ ಅವಳ ಚಾಚಿದ ಕೈ ನಿಂತಿತು.

"ಆ ಕೈ ನಂದು," ಎಂದಳು. "ಕಳ್ಳ ಅವ್ನೇ. ಮೇಡಮ್ನೋರ ಅಕ್ಕನ ಮಗನಾ ಅಂದೆ, ಹೂಂ ಅಂದ. ಬೀಗದ ಕೈ ಎಲ್ಲೈತೆ ಅಂತ ನಾನೇ ಹೇಳಿ ಕಳಿಸ್ದೆ. ಹೊರಗಡೆ ನಿಂತವ್ನಲ್ಲಾ ಮುನಾವರ್, ಅವ್ನು ಏನೂ ಮಾಡಿಲ್ಲ."

ಮೇಡಂ ಅವಳನ್ನು ನೋಡಿದ ನೋಟವನ್ನು ಅವಳು ಸಾಯುವವರೆಗೆ ಮರೆಯುವುದಿಲ್ಲ. ಹಾಲಿನಲ್ಲಿ ಗುಸುಗುಸು ಎದ್ದಿತು. ರಾಮಲಿಂಗಯ್ಯನವರಿಗೆ ಮಾತ್ರ ಮುಖದಲ್ಲಿ ಕಳೆ ಬಂತು.

"ನಾವು ಬಡಕೊಂಡಿದ್ದು ಇದಕ್ಕೇ ಅಲ್ವಾ? ಬಂದು ಹೋಗೋರ ಹತ್ರ ಮಾತು ಬೇಡ ಅಂತ ಮನೆ ಬಾಗಿಲಿಗೆ ಬಂದು ಹೇಳಿದ್ದೆ."

ಅವಳು ತಪ್ಪು ಒಪ್ಪಿಕೊಂಡು ತಲೆ ತಗ್ಗಿಸಿ ಹೋಗಿಬಿಡಬೇಕೆಂದೇ ಇದ್ದಳು. ಆ ಮಾತು ಕೇಳಿದ ಮೇಲೆ ಒಳಗಿನ ಸಿಟ್ಟೆಲ್ಲ ಬಾಯಿಗೆ ಬಂತು.

"ಹೇಳಿದ್ರಿ ಸ್ವಾಮಿ. ಒಡವೆ ಎಲ್ಲಿಡಬೇಕು ಅಂತ್ಲೂ ಊರಿಗೆಲ್ಲ ಮೈಕಲ್ಲಿ ಹೇಳಿದ್ರಿ. ನನ್ ತಪ್ಪು ನಂದು, ಅದನ್ನ ನಾನು ಹೊತ್ಕತೀನಿ. ನೀವು ಒಂದು ಹೇಳಿ. ಈ ಟೀವೀಲಿ ಇಬ್ರು ಬಂದವ್ರೆ. ನಿಮ್ಮ ಕಣ್ಣಿಗೆ ಒಬ್ನೇ ಯಾಕೆ ಕಂಡ?"

ಚಿಕ್ಕಹನುಮಯ್ಯ ಟೀವಿಯಲ್ಲಿ ನಿಂತಿದ್ದ ಇಸ್ತ್ರಿ ಅಂಗಿಯವನ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು, ಮುನಾವರನಿಗೆ ನೀನು ಹೋಗಪ್ಪ ಎಂದರು. ಅವನು ರಸ್ತೆಯಲ್ಲಿ ಕುಕ್ಕುರುಗಾಲಲ್ಲಿ ಕೂತು ತನ್ನ ವಾಷರುಗಳನ್ನು ಆರಿಸಿಕೊಂಡ. ಎಲ್ಲರೂ ತಮ್ಮತಮ್ಮ ಗೇಟುಗಳಲ್ಲಿ ನಿಂತು ನೋಡಿದರು. ಹೊಡೆದವನು ಮೊಬೈಲು ನೋಡುತ್ತಾ ನಿಂತಿದ್ದ. ಶಿವಲಿಂಗಮ್ಮ ಬಗ್ಗಿ ಆರಿಸಿಕೊಡಲು ಹೋದಾಗ ಮುನಾವರ್, ಇರಲಿ ಬಿಡಿ ಅವ್ವ ಎಂದ. ಟೋಪಿಯನ್ನು ಹಾಕಿಕೊಳ್ಳದೆ ಜೇಬಿನಲ್ಲಿಟ್ಟುಕೊಂಡು, ಸ್ಪೀಕರು ಹಾಕದೆ ಗಾಡಿ ಓಡಿಸಿಕೊಂಡು ಹೋದ.

ಮುಂದಿನ ಭಾನುವಾರ ಸಂಘದವರು ಮತ್ತೆ ಸಭೆ ಸೇರಿದರು. ಕ್ಷಮೆ ಕೇಳಲಿಕ್ಕಲ್ಲ. ಗೇಟಿಗೆ ಹೊಸ ಬೋರ್ಡು ಹಾಕಿಸಿದರು. ಬೀದಿ ವ್ಯಾಪಾರಿಗಳಿಗೆ, ರಿಪೇರಿಯವರಿಗೆ ಪ್ರವೇಶವಿಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡು ಹಣ್ಣು ಹಿಡಿದು ಬರುವವರ ವಿಷಯ ಅದರಲ್ಲಿ ಇರಲಿಲ್ಲ. ಇಸ್ತ್ರಿ ಅಂಗಿಯವನು ಸಿಗಲೂ ಇಲ್ಲ.

ಮೇಡಂ ಬಹಳ ದಿನ ಅವಳ ಜಗಲಿಯ ಮುಂದೆ ಮುಖ ತಿರುಗಿಸಿಕೊಂಡು ಹೋದರು. ಅದಕ್ಕೆ ಅವಳು ಬೇಜಾರು ಮಾಡಿಕೊಳ್ಳಲಿಲ್ಲ, ಅದು ಅವಳಿಗೆ ಸಲ್ಲಬೇಕಾದ್ದೇ. ಆಮೇಲೆ ಒಂದು ಸಂಜೆ ಅವರೇ ಬಂದು ನಿಂತರು. ಸ್ಟೌ ಕೆಟ್ಟಿದೆ, ಅಂಗಡಿಯವರು ಮನೆಗೆ ಬರುವುದಿಲ್ಲ ಅನ್ನುತ್ತಾರೆ, ಮುನಾವರನಿಗೆ ಸ್ವಲ್ಪ ಹೇಳಿಕಳಿಸಿ, ಸಂಘದವರಿಗೆ ನಾನು ಹೇಳಿ ಒಳಗೆ ಬಿಡಿಸುತ್ತೇನೆ ಎಂದರು. ಅವಳಿಗೆ ಕೆಟ್ಟ ಸಿಟ್ಟು ಬಂತು. ಮಕ್ಕಳಿಗೆ ಪಾಠ ಹೇಳುವವರು, ಅವನ ಕೆನ್ನೆಯ ಮೇಲೆ ಎರಡು ಏಟು ಬಿದ್ದದ್ದು ತಮ್ಮ ಮಾತಿನಿಂದ ಎಂಬುದನ್ನು ಸ್ಟೌ ಕೆಟ್ಟಾಗಲೂ ನೆನೆಯಲಿಲ್ಲ.

"ನಾನೂ ನಾಳೆ ಅಲ್ಲಿಗೇ ಹೊಂಟಿದ್ದೀನಿ," ಎಂದಳು. "ಬನ್ನಿ, ಇಬ್ರೂ ಹೋಗನ. ತಪ್ಪು ಮಾಡಿರೋದು ಇಬ್ರೂವೆ."

ಮೇಡಂ ನೋಡೋಣ ಎಂದು ಹೋದವರು ಮಾರನೆಯ ದಿನ ಬರಲಿಲ್ಲ. ಅವಳು ತನ್ನ ಕುಕ್ಕರನ್ನು ಚೀಲದಲ್ಲಿ ಹಾಕಿಕೊಂಡು ಒಬ್ಬಳೇ ಬಸ್ಸು ಹತ್ತಿದಳು. ಬೊಂಬೆ ಕಡೆಯುವವರ ಬೀದಿಯ ತುದಿಯಲ್ಲಿ ಮುನಾವರನ ಅಪ್ಪ ಹುಸೇನನ ಮನೆ ಯಾವುದೆಂದು ಕೇಳಿದಾಗ, ಒಬ್ಬ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿ, ಯಾವೂರು, ಅವರಿಗೆ ನೀವು ಏನಾಗಬೇಕು ಎಂದು ಕೇಳಿದಳು. ಏನಾಗಬೇಕೆಂದು ಹೇಳಲು ಶಿವಲಿಂಗಮ್ಮನಿಗೆ ಗೊತ್ತಾಗಲಿಲ್ಲ. ಕುಕ್ಕರ್ ರಿಪೇರಿಗೆ ಬಂದೆ ಎಂದಳು.

ಹಾಜಿರಾ ಚಾಪೆ ಹಾಸಿ ಟೀ ಕೊಟ್ಟು ಒಳಗೆ ಹೋದಳು. ಮುನಾವರ್ ಬಾಗಿಲಲ್ಲಿ ಕೂತು ಕುಕ್ಕರಿನ ಮುಚ್ಚಳ ಬಿಚ್ಚಿ, ಹಳೆಯ ಗ್ಯಾಸ್ಕೆಟ್ಟು ತೆಗೆದು ಹೊಸದು ಕೂರಿಸಿದ. ಸೀಟಿಯನ್ನು ಊದಿ ನೋಡಿದ. ಬಡಾವಣೆಯ ಮಾತು ಅವನು ಎತ್ತಲಿಲ್ಲ. ಬಸ್ಸಿನಲ್ಲಿ ಬರುವಾಗ ಅವಳು ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. ಅವನು ಮುಚ್ಚಳ ಹಾಕಿ ಕುಕ್ಕರನ್ನು ಅವಳ ಮುಂದಿಟ್ಟಾಗ ಮಾತ್ರ ಬಾಯಿ ಬಂತು.

"ಮೊದಲ್ನೇ ಏಟು ಬೀಳೋಕೆ ಮುಂಚೇನೇ ನನಗೆ ಗೊತ್ತಿತ್ತು ಕಣಪ್ಪ. ನೀನು ಅವ್ವ ಅಂತ ಕೇಳ್ದಾಗ್ಲೂ ಗೊತ್ತಿತ್ತು. ಮಾನ ಹೋಯ್ತದೆ ಅಂತ ಸುಮ್ಕೆ ಕೂತಿದ್ದೆ."

ಇಲ್ಲ ಅವ್ವ, ಹಾಗೇನಿಲ್ಲ, ಬಿಡಿ ಎಂದು ಅವನು ಹೇಳುತ್ತಾನೆಂದು ಅವಳು ಎಲ್ಲೋ ಒಳಗೆ ಕಾದಿದ್ದಳು. ಮುನಾವರ್ ಕೈಗೆ ಮೆತ್ತಿದ್ದ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡು, ಅವಳ ಮುಖವನ್ನೇ ನೋಡಿದ.

"ಹೂಂ ಅವ್ವ," ಎಂದ.

ಅವಳು ಕುಕ್ಕರನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.